ಮಾಜಿ ಕೃಷಿಮಂತ್ರಿಯ ಜೊತೆ ಸಲಾಲಾಕ್ಕೆ

ಅಲ್ ಮಬೇಲಾ

ಆಟಿ ತಿಂಗಳ ಮಳೆಯನ್ನು ಬಿಟ್ಟು ಒಮಾನಿಗೆ ಹೋದವಳು, ಅಲ್ಲಿ ಹನಿಮಳೆ ನೋಡುವುದಕ್ಕೆಂದು ಸಾವಿರ ಕಿಲೋಮೀಟರ್ ಬಸ್ಸಿನಲ್ಲಿ ಕೂತೆ ಎಂದರೆ ಉಡುಪಿಯಲ್ಲಿ ಈಗಲೂ ಯಾರೂ ನಂಬುವುದಿಲ್ಲ. ನಾನು ಹೊರಟ ದಿನ ನಮ್ಮ ಬಾಡಿಗೆ ಮನೆಯ ಎರಡನೇ ಮೆಟ್ಟಿಲವರೆಗೆ ನೀರು ನಿಂತಿತ್ತು. ಮಸ್ಕತ್ತಿನ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟದ್ದೇ ಬಿಸಿ ಆವಿಗೆ ಕನ್ನಡಕ ಮಂಜಾಗಿ, ಎದುರು ನಿಂತ ತಂಗಿಯನ್ನು ಬಿಟ್ಟು ಇನ್ನಾರನ್ನೋ ತಬ್ಬಿಕೊಳ್ಳಲು ಹೋದೆ. ಆ ಹೆಂಗಸು ನಕ್ಕು, ನನ್ನ ಹೆಗಲು ಹಿಡಿದು ತಂಗಿಯ ಕಡೆ ತಿರುಗಿಸಿದಳು.

ತಂಗಿ ಸುಮತಿ ಇರುವುದು ಅಲ್ ಮಬೇಲಾದಲ್ಲಿ. ಅವಳ ಗಂಡ ಜಯಾನಂದರು ರುಸೈಲಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಅವರ ಫ್ಲ್ಯಾಟಿನ ಕೆಳಗೆ ಸಾಲು ಗ್ಯಾರೇಜುಗಳು. ಬೆಳಗ್ಗೆ ಏಳಕ್ಕೇ ತಗಡು ಬಡಿಯುವ ಸದ್ದು. ಆ ಸದ್ದಿಗಿಂತ ನನಗೆ ಹೊಸದೆನಿಸಿದ್ದು ಅಲ್ಲಿಯವರು ಕುಶಲ ಕೇಳುವ ರೀತಿ. ಪಕ್ಕದ ಮನೆಯ ಒಮಾನಿ ಹೆಂಗಸು ಬಾಗಿಲಲ್ಲಿ ಸಿಕ್ಕರೆ ಮೊದಲು ಆರೋಗ್ಯ ಕೇಳುತ್ತಾಳೆ, ಆಮೇಲೆ "ಸುದ್ದಿ ಏನು?" ಅನ್ನುತ್ತಾಳೆ. ಮನೆಯಲ್ಲಿ ಏನೇ ಆಗಿದ್ದರೂ ಮೊದಲ ಉತ್ತರ "ಏನೂ ಸುದ್ದಿಯಿಲ್ಲ, ಎಲ್ಲ ಒಳ್ಳೆಯದು" ಎಂದೇ ಇರಬೇಕಂತೆ. ಕಾಫಿ, ಖರ್ಜೂರ ಆದ ಮೇಲಷ್ಟೇ ನಿಜವಾದ ಸುದ್ದಿ ಹೊರಗೆ ಬರುತ್ತದೆ.

"ಜುಲೈಯಲ್ಲಿ ಇಲ್ಲಿ ನೋಡ್ಲಿಕ್ಕೆ ಎಂತ ಉಂಟು ಅಕ್ಕ? ಎಸಿ ಉಂಟು, ಮಾಲ್ ಉಂಟು, ಅಷ್ಟೇ," ಎಂದಳು ಸುಮತಿ. "ನಾವಿಬ್ರೂ ಸಲಾಲಾಕ್ಕೆ ಹೋಗುವ. ಅಲ್ಲಿ ಈಗ ಖರೀಫ್. ಮಳೆಗಾಲ."

"ಮಳೆ ನೋಡ್ಲಿಕ್ಕೆ ನಾನು ಇಲ್ಲಿಗೆ ಬರ್ಬೇಕಾ ಮಾರಾಯ್ತಿ? ನೀನು ಊರಿಗೆ ಬಾ."

ಅವಳು ಒಳಗೆ ಹೋಗಿ ಕುಕ್ಕರಿನ ಉರಿ ಸಣ್ಣ ಮಾಡಿದಳು. ಹೇಳಿದ ಮೇಲೆ ನನಗೇ ನಾಲಗೆ ಕಚ್ಚಿಕೊಳ್ಳುವಂತಾಯಿತು. ಅಮ್ಮ ತೀರಿಕೊಂಡದ್ದು ಕೊರೊನಾದಿಂದ ವಿಮಾನಗಳೇ ಹಾರದ ಆ ವರ್ಷ. ಕೊನೆಯ ಹನ್ನೊಂದು ವರ್ಷ ಅಮ್ಮ ನನ್ನ ಜೊತೆಗೇ ಇದ್ದರು. ಸುಮತಿ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದಳು. ನಡುವೆ ಎರಡು ಸಲ ನೆಟ್‌ವರ್ಕ್ ಹೋಯಿತು. ಅದಾದ ಮೇಲೆ ಅವಳು ಊರಿಗೆ ಬಂದಿಲ್ಲ. ಮಗಳ ಪರೀಕ್ಷೆ, ಗಂಡನ ರಜೆ ಎಂದು ಕಾರಣ ಕೊಡುತ್ತಾಳೆ. ನಾನೂ ಒತ್ತಾಯ ಮಾಡಿದವಳಲ್ಲ. ಯಾಕೆ ಮಾಡಲಿಲ್ಲ ಎಂಬುದನ್ನು ಮುಂದೆ ಹೇಳಬೇಕಾಗುತ್ತದೆ.

ಹೈಮಾ

ಸಲಾಲಾದ ಬಸ್ಸು ಬೆಳಗ್ಗೆ ಆರಕ್ಕೆ ಹೊರಟಿತು. ಅಪರಿಚಿತ ಗಂಡಸಿನ ಪಕ್ಕ ಹೆಂಗಸನ್ನು ಕೂರಿಸುವುದು ಅಲ್ಲಿಯ ಪದ್ಧತಿಯಲ್ಲ. ಚಾಲಕ ಎದ್ದು ಬಂದು, ಶಾಲೆಯ ಮಾಸ್ತರರ ಹಾಗೆ ಎಲ್ಲರನ್ನೂ ಎಬ್ಬಿಸಿ, ಆಚೀಚೆ ಮಾಡಿ ಕೂರಿಸಿದ. ಈ ಗಲಿಬಿಲಿಯಲ್ಲಿ ನಮ್ಮ ತಿಂಡಿಯ ಚೀಲ ನಡುವಿನ ಓಣಿಯ ಆಚೆ, ಬಿಳಿ ಅಂಗಿ, ಬೂದು ಬಣ್ಣದ ಹ್ಯಾಟಿನ ಒಬ್ಬ ಕಪ್ಪು ಮುದುಕರ ಕಾಲಬುಡಕ್ಕೆ ಹೋಯಿತು. ಅವರು ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತಾ, "ಇದರಲ್ಲಿ ತೆಂಗಿನಕಾಯಿ ಉಂಟಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇತ್ತು. ಸುಮತಿ ನೀರುದೋಸೆಗೆ ಚಟ್ನಿ ಕಟ್ಟಿಕೊಂಡಿದ್ದಳು.

ಹೈಮಾ ಎಂಬುದು ಮರಳುಗಾಡಿನ ನಟ್ಟನಡುವೆ ಬಸ್ಸು ನಿಲ್ಲುವ ಊರು. ಪೆಟ್ರೋಲ್ ಬಂಕು, ಮಸೀದಿ, ಒಂದು ಮಲಯಾಳಿ ಹೋಟೆಲು. ಆ ಮುದುಕರು ನಮ್ಮ ಮೇಜಿಗೇ ಬಂದು ಕೂತರು. ಅವರು ಕೆರಿಬಿಯನ್ ದ್ವೀಪದವರು ಎಂದು ತಿಳಿದದ್ದೇ ಹೋಟೆಲಿನವನು ಚಹಾ ತರುವುದನ್ನು ಮರೆತು ಕ್ರಿಕೆಟ್ ಮಾತು ಶುರುಮಾಡಿದ. ಅವರು ಸಾವಧಾನವಾಗಿ ಕೇಳಿ, "ಸ್ವಾಮಿ, ನಾನು ಜನ್ಮದಲ್ಲಿ ಬ್ಯಾಟು ಹಿಡಿದವನಲ್ಲ. ನಾನು ವಕೀಲ," ಎಂದರು.

"ನಾನು ಮೂವತ್ತೆರಡು ವರ್ಷ ವಕೀಲರ ಮಾತು ಬರೆದುಕೊಂಡವಳು," ಎಂದೆ ನಾನು. "ಜಿಲ್ಲಾ ನ್ಯಾಯಾಲಯದಲ್ಲಿ ಶೀಘ್ರಲಿಪಿಗಾರ್ತಿ."

ಅವರು ಎದ್ದು ನಿಂತು ಹ್ಯಾಟು ತೆಗೆದರು. ನನ್ನ ಕೆಲಸಕ್ಕೆ ಯಾರಾದರೂ ಎದ್ದು ನಿಂತದ್ದು ಅದೇ ಮೊದಲು.

ಅವರ ಹೆಸರು ಕ್ಲೆಮೆಂಟ್. ಮಗಳು ಮಸ್ಕತ್ತಿನಲ್ಲಿ ಫಾರ್ಮಸಿಸ್ಟ್. ಹೆಂಡತಿ ತೀರಿದ ಮೇಲೆ ಅವಳ ಜೊತೆ ಇದ್ದಾರೆ. ದ್ವೀಪದ ಹೆಸರು ಬರೆಯಬೇಡಿ ಎಂದು ನನ್ನಲ್ಲಿ ಕೇಳಿಕೊಂಡಿದ್ದಾರೆ. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಂತೆ.

"ಸಲಾಲಾಕ್ಕೆ ಯಾಕೆ ಹೊರಟದ್ದು?" ಎಂದು ಕೇಳಿದೆ.

"ತೆಂಗಿನಮರ ನೋಡಲು."

ಸುಮತಿ ಚಹಾದ ಲೋಟದೊಳಗೇ ನಕ್ಕು, ತುಳುವಿನಲ್ಲಿ ನನಗೆ ಹೇಳಿದಳು: "ಇವರನ್ನು ನಮ್ಮ ಕಾಪುವಿಗೆ ಕಳಿಸಿದ್ರೆ ಆಗ್ತಿತ್ತು." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವರು ನಗಲಿಲ್ಲ. "ನಿಮ್ಮ ಊರಿನ ಮರಗಳು ಆರೋಗ್ಯವಾಗಿವೆಯೇ?" ಎಂದು ಕೇಳಿದರು, ಸಂಬಂಧಿಕರನ್ನು ವಿಚಾರಿಸುವವರ ಹಾಗೆ.

ಬಸ್ಸು ಮತ್ತೆ ಹೊರಟಿತು. ಕಿಟಕಿಯ ಆಚೆ ಮರವಿಲ್ಲ, ಗುಡ್ಡವಿಲ್ಲ, ಒಂದು ಕಲ್ಲು ಕೂಡ ಎದ್ದು ನಿಂತದ್ದಿಲ್ಲ. ಅಂಥ ಬಯಲಿನಲ್ಲಿ ಮನುಷ್ಯನಿಗೆ ಮಾತಾಡಬೇಕು ಅನಿಸುತ್ತದೆ. ಓಣಿಯ ಆಚೆಯಿಂದ ಅವರು ತಮ್ಮ ಕಥೆ ಶುರುಮಾಡಿದರು.

ತಂದೆ ಹಡಗಿನ ಕೆಲಸಕ್ಕೆ ಹೋದವರು ಮರಳಲಿಲ್ಲ. ತಾಯಿ ತೆಂಗಿನಹಾಲು ಕುದಿಸಿ ಎಣ್ಣೆ ತೆಗೆದು, ಬಾಟಲಿಗೆ ತುಂಬಿ, ತಲೆಮೇಲೆ ಹೊತ್ತು ಮಾರಿದರು. ಊರಿನ ಮಾಸ್ತರರು ಹುಡುಗನ ಇಂಗ್ಲಿಷು ನೋಡಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಿದರು. ಲಂಡನ್ನಿನಲ್ಲಿ ಕಾನೂನು ಓದಿದ ಅಷ್ಟೂ ವರ್ಷ ಅವರ ಕೋಟಿನಿಂದ ತೆಂಗಿನೆಣ್ಣೆಯ ವಾಸನೆ ಹೋಗಲಿಲ್ಲವಂತೆ. ತಾಯಿ ಪ್ರತಿ ಪಾರ್ಸೆಲಿನಲ್ಲೂ ಒಂದು ಬಾಟಲಿ ಇಡುತ್ತಿದ್ದರು, ಒಂದಾದರೂ ಒಡೆಯುತ್ತಿತ್ತು. ಮರಳಿ ಬಂದು ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಬೋರ್ಡು ಹಾಕಿದರು.

ಮೊದಲ ದೊಡ್ಡ ಕೇಸು ಒಬ್ಬ ವಿಧವೆಯದು. ರಸ್ತೆ ಮಾಡಲೆಂದು ಸರಕಾರ ಆಕೆಯನ್ನು ಒಂದು ಮಾತೂ ಕೇಳದೆ ಆಕೆಯ ತೆಂಗಿನಮರಗಳನ್ನು ಕಡಿದಿತ್ತು. ಎರಡು ವರ್ಷ ವಾದ ನಡೆಯಿತು. ಯಾರ ಮರವನ್ನೇ ಆಗಲಿ, ಒಡೆಯರ ಮಾತನ್ನು ಅವರ ಅಂಗಳದಲ್ಲೇ ಕೇಳದೆ ಕಡಿಯಕೂಡದು ಎಂದು ನ್ಯಾಯಾಲಯ ಹೇಳಿತು.

"ಆ ತೀರ್ಪಿನಿಂದ ನಾನು ದೊಡ್ಡ ಮನುಷ್ಯನಾದೆ," ಎಂದರು ಕ್ಲೆಮೆಂಟ್. "ಅದೇ ತೀರ್ಪು ಮುಂದೆ ನನ್ನ ಮನೆ ಬಾಗಿಲಿಗೂ ಬಂತು."

ಸಲಾಲಾ

ಕೊನೆಯ ಗುಡ್ಡ ಇಳಿಯುವಾಗ ಎಲ್ಲವೂ ಬದಲಾಯಿತು. ಮರಳು ಮುಗಿದು ಮಂಜು, ಮಂಜಿನ ಕೆಳಗೆ ಹಸಿರು. ಹನಿಯುವ ಆಕಾಶದ ಕೆಳಗೆ ಅರಬ್ ಕುಟುಂಬಗಳು ಒದ್ದೆ ಹುಲ್ಲಿನ ಮೇಲೆ ಜಮಖಾನ ಹಾಸಿಕೊಂಡು, ಕೊಡೆ ಇಲ್ಲದೆ ಕೂತಿದ್ದವು. ಮಳೆಗೆ ಮುಖ ಒಡ್ಡಿ ಕೂತ ಒಬ್ಬ ಅಜ್ಜನನ್ನು ಕಂಡೆ. ನಮ್ಮಲ್ಲಿ ಇಂಥ ಮಳೆಗೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ.

ಮರುದಿನ ಬೆಳಗ್ಗೆ, ಮಾತಾಡಿಕೊಂಡ ಹಾಗೆ, ರಸ್ತೆಬದಿಯ ಎಳನೀರಿನ ಅಂಗಡಿಗಳ ಹತ್ತಿರ ಮೂವರೂ ಸೇರಿದೆವು. ಸೋಗೆ ಹೊದೆಸಿದ ಅಂಗಡಿ, ತೂಗುಬಿಟ್ಟ ಬಾಳೆಗೊನೆ, ಪಪ್ಪಾಯಿ. ಹಿಂದೆ ಎತ್ತರದ ತೆಂಗಿನ ಸಾಲು. ಒಂದು ಕ್ಷಣ ನನಗೆ ಮಲ್ಪೆಯ ದಾರಿಯಲ್ಲಿ ನಿಂತಿದ್ದೇನೆ ಅನಿಸಿತು. ಅಷ್ಟರಲ್ಲಿ ಒಂದು ಒಂಟೆ ಅಡ್ಡ ಬಂದು ಅಂಗಡಿಯವನ ಬಾಳೆಹಣ್ಣಿಗೆ ಬಾಯಿ ಹಾಕಿತು. ಅವನು ಕೋಲು ಹುಡುಕುವಷ್ಟರಲ್ಲಿ ಅದು ಸುಮತಿಯ ಶಾಲಿನ ಅಂಚನ್ನೂ ಸೇರಿಸಿ ಅಗಿಯುತ್ತಿತ್ತು. ಶಾಲು ಬಿಡಿಸಿಕೊಳ್ಳಲು ನಾವು ಮೂವರೂ ಎಳೆಯಬೇಕಾಯಿತು.

ಕ್ಲೆಮೆಂಟ್ ಎಳನೀರನ್ನು ಸ್ಟ್ರಾ ಇಲ್ಲದೆ, ಕಾಯಿಗೇ ಬಾಯಿ ಹಚ್ಚಿ ಕುಡಿದರು. ಅಂಗಿ ಒದ್ದೆಯಾಯಿತು. ಆಮೇಲೆ ಬಹಳ ಹೊತ್ತು ಸಾಲಿನ ಕಡೆ ನೋಡುತ್ತಾ ನಿಂತರು.

"ನಮ್ಮಲ್ಲಿ ಇಂಥ ಎತ್ತರದ ಮರಗಳು ಈಗ ಇಲ್ಲ," ಎಂದರು.

ಉಳಿದ ಕಥೆ ಅಲ್ಲೇ ಬೆಂಚಿನ ಮೇಲೆ ಮುಂದುವರಿಯಿತು. ಆ ತೀರ್ಪಿನ ಮೇಲೆ ಪಕ್ಷದ ನಾಯಕರು ಅವರನ್ನು ಚುನಾವಣೆಗೆ ನಿಲ್ಲಿಸಿದರು. ಗೆದ್ದರು. ಕಾನೂನು ಖಾತೆ ಸಿಗುತ್ತದೆಂದು ಹೊಸ ಕಪ್ಪು ಸೂಟು ಹೊಲಿಸಿಕೊಂಡು ಹೋದರೆ ಸಿಕ್ಕಿದ್ದು ಕೃಷಿ. ಮೊದಲ ದಿನ ಅಧಿಕಾರಿಗಳು ಒಂದು ಜೊತೆ ರಬ್ಬರ್ ಬೂಟು ಕೊಟ್ಟರು. ಅದು ಎರಡು ಅಳತೆ ದೊಡ್ಡದಿತ್ತು. ಅದನ್ನೇ ಹಾಕಿಕೊಂಡು ಹೊಲಕ್ಕೆ ಇಳಿದು, ಒಂದು ಬೂಟನ್ನು ಕೆಸರಿನಲ್ಲೇ ಬಿಟ್ಟು ಮೇಲೆ ಬಂದರು. ಮರುದಿನದ ಪತ್ರಿಕೆಯಲ್ಲಿ ಅದರ ಚಿತ್ರ.

"ಆದರೆ ನಾನು ಕಲಿತೆ," ಎಂದರು. "ಸಂತೆಯ ಹೆಂಗಸರಿಗೆ ಮೇಲೆ ಸೂರು ಹಾಕಿಸಿದೆ. ಮರಗೆಣಸಿನ ನೆಡುವ ಕಡ್ಡಿ ಊರೂರಿಗೆ ಮುಟ್ಟಿಸಿದೆ. ನನ್ನ ತಾಯಿ ಆ ಸೂರಿನ ಕೆಳಗೆ ಕೂತು ಎಣ್ಣೆ ಮಾರಿದಳು. ಮಂತ್ರಿಯ ತಾಯಿ ಯಾಕೆ ಮಾರಬೇಕು ಎಂದು ಜನ ಕೇಳಿದರೆ, ಮಂತ್ರಿ ಅವನು, ನಾನಲ್ಲ ಅನ್ನುತ್ತಿದ್ದಳು."

ನಾಲ್ಕನೇ ವರ್ಷ ತೆಂಗಿಗೆ ಹಳದಿ ರೋಗ ಬಂತು. ಮೊದಲು ಎಳೆಕಾಯಿ ಉದುರುತ್ತದೆ, ಆಮೇಲೆ ಸೋಗೆ ಹಳದಿಯಾಗುತ್ತದೆ, ಕೊನೆಗೆ ತಲೆಯೇ ಕಳಚಿ ಬಿದ್ದು ಬರೀ ಕಂಬ ನಿಲ್ಲುತ್ತದೆ. ಅದಕ್ಕೆ ಮದ್ದಿಲ್ಲ. ದ್ವೀಪ ನಡುವೆ ಸೊಂಟದ ಹಾಗೆ ಕಿರಿದಾಗುವಲ್ಲಿ ಈ ತೀರದಿಂದ ಆ ತೀರಕ್ಕೆ ಒಂದು ಪಟ್ಟಿಯ ಮರಗಳನ್ನೆಲ್ಲ ಕಡಿದರೆ ದಕ್ಷಿಣದ ಅರ್ಧ ಉಳಿಯಬಹುದು ಎಂದರು ತಜ್ಞರು. ಆ ಪಟ್ಟಿಯ ಮರಗಳಿಗೆ ಇನ್ನೂ ರೋಗ ತಗಲಿರಲಿಲ್ಲ. ಮತ್ತು ಆ ಪಟ್ಟಿಯ ನಡುವೆಯೇ ಅವರು ಹುಟ್ಟಿದ ಊರು.

"ತುರ್ತು ಆಜ್ಞೆ ಹೊರಡಿಸು, ನಾಳೆಯೇ ಕಡಿ ಎಂದರು ಪ್ರಧಾನಿ. ಕಾನೂನಿನಲ್ಲಿ ಅದಕ್ಕೆ ದಾರಿಯೂ ಇತ್ತು. ನಾನು ಒಪ್ಪಲಿಲ್ಲ. ಒಡೆಯರನ್ನು ಕೇಳದೆ ಕಡಿಯಬಾರದು ಎಂದು ವಾದಿಸಿ ಗೆದ್ದವನೇ ನಾನು. ಮನೆ ಮನೆಗೆ ಹೋಗಿ ಕೇಳಿದೆ, ನಲವತ್ತು ದಿನ."

"ಆಮೇಲೆ?" ಎಂದಳು ಸುಮತಿ. ಅವಳ ಎಳನೀರು ಹಾಗೇ ಇತ್ತು.

"ಕೇಳಿದೆ, ಕಡಿಸಿದೆ. ಒಂದು ವರ್ಷದೊಳಗೆ ರೋಗ ಪಟ್ಟಿಯನ್ನು ದಾಟಿತು. ಆ ನಲವತ್ತು ದಿನದಲ್ಲಿ ದಾಟಿತೋ, ಹೇಗೂ ದಾಟುತ್ತಿತ್ತೋ, ಯಾರಿಗೂ ಗೊತ್ತಿಲ್ಲ. ಅರ್ಧ ಜನ ನಾನು ತಡಮಾಡಿದೆ ಎಂದರು. ಅರ್ಧ ಜನ ಆರೋಗ್ಯದ ಮರ ಕಡಿಸಿದೆ ಎಂದರು. ಚುನಾವಣೆಯಲ್ಲಿ ಎರಡೂ ಅರ್ಧ ಒಂದಾದವು."

ತೋಟದಲ್ಲಿ

ಅಂಗಡಿಯ ಹಿಂದಿನ ತೋಟ ಒಬ್ಬ ಒಮಾನಿ ಹಿರಿಯರದು. ಒಳಗೆ ಬರಬಹುದೇ ಎಂದು ಅಂಗಡಿಯವನ ಮೂಲಕ ಕೇಳಿಸಿದೆವು. ಅವರು ಜಮಖಾನ ಹಾಸಿ, ಕಾಫಿ ಕೊಟ್ಟು, ಪದ್ಧತಿಯ ಹಾಗೆ ಸುದ್ದಿ ಕೇಳಿದರು. ಏನೂ ಸುದ್ದಿಯಿಲ್ಲ ಎಂದೆವು. ಆಮೇಲೆ ಕ್ಲೆಮೆಂಟ್ ಎದ್ದು ಒಂದೊಂದು ಮರದ ಹತ್ತಿರ ಹೋಗಿ ಮೇಲೆ ನೋಡಿ, ಕಾಂಡಕ್ಕೆ ಅಂಗೈ ಇಟ್ಟು, ಮುಂದಿನ ಮರಕ್ಕೆ ಹೋದರು. ತೋಟದ ಯಜಮಾನರು ಅದನ್ನು ನೋಡಿ, ಮೊಳಕೆ ಬಂದ ಒಂದು ಕಾಯಿಯನ್ನು ತಂದು ಅವರ ಕೈಗಿಟ್ಟರು. ತೆಗೆದುಕೊಂಡು ಹೋಗಿ ನೆಡಿ ಎಂದು ಸನ್ನೆ ಮಾಡಿದರು.

ಕ್ಲೆಮೆಂಟ್ ಅದನ್ನು ಮಗುವನ್ನು ಹಿಡಿಯುವ ಹಾಗೆ ಮೊಣಕೈಯ ಮಡಿಕೆಯಲ್ಲಿ ಹಿಡಿದು ಕೂತರು.

"ಹೊರಗಿನಿಂದ ಒಂದೂ ಬಿತ್ತನೆ ಕಾಯಿ ದ್ವೀಪಕ್ಕೆ ಬರಕೂಡದು," ಎಂದರು ನನಗೆ. "ಮಂತ್ರಿಯಾಗಿ ನಾನು ಸಹಿ ಹಾಕಿದ ಕೊನೆಯ ಕಾಗದ ಅದು." ಸ್ವಲ್ಪ ಹೊತ್ತಿನ ಮೇಲೆ ಕಾಯಿಯನ್ನು ಯಜಮಾನರಿಗೆ ಮರಳಿಸಿದರು. ಅವರಿಗೆ ಬೇಜಾರಾಗದ ಹಾಗೆ ಅಂಗಡಿಯವನಿಂದ ಎಲ್ಲವನ್ನೂ ಅರಬಿಯಲ್ಲಿ ಹೇಳಿಸಿದರು. ಯಜಮಾನರು ಕೇಳಿ, ಇನ್ನೊಂದು ಲೋಟ ಕಾಫಿ ಬಗ್ಗಿಸಿದರು.

ಆಗ ಕ್ಲೆಮೆಂಟ್ ನಲವತ್ತನೇ ದಿನದ ವಿಚಾರ ಹೇಳಿದರು. ಕೊನೆಯ ಮನೆ ತಾಯಿಯದು. ಜೊತೆಗೆ ಒಬ್ಬ ಗುಮಾಸ್ತ, ಒಬ್ಬ ಶೀಘ್ರಲಿಪಿಗಾರ. ಅಂಗಳದಲ್ಲಿ ಒಂದೇ ಮರ. ಅವರ ಕಡೆ ಮಗುವಿನ ಹೊಕ್ಕುಳಬಳ್ಳಿಯನ್ನು ಹೂತು ಅದರ ಮೇಲೆ ತೆಂಗು ನೆಡುತ್ತಾರೆ; ಅದು ಕ್ಲೆಮೆಂಟ್ ಹುಟ್ಟಿದಾಗ ನೆಟ್ಟ ಮರ. ಗುಮಾಸ್ತ ಪದ್ಧತಿಯ ಹಾಗೆ ಒಡತಿಯ ಹೆಸರು ಕೇಳಿದ. ತಾಯಿ ಹೇಳಿದರು. ಏನಾದರೂ ಹೇಳುವುದಿದೆಯೇ ಎಂದು ಕೇಳಿದ.

"ನನ್ನ ತಾಯಿ ಕಾಲು ಗಂಟೆ ಮಾತಾಡಿದಳು. ಅಷ್ಟು ಉದ್ದ ಅವಳು ಯಾವತ್ತೂ ಮಾತಾಡಿದವಳಲ್ಲ. ಆ ಮೇಲೆ ಸಾಯುವವರೆಗೂ ಆ ಮರದ ಸುದ್ದಿ ಎತ್ತಲಿಲ್ಲ. ಚುನಾವಣೆ ಸೋತ ಮೇಲೆ ನಾನು ಕಚೇರಿಯಿಂದ ಆ ಹಾಳೆ ತರಿಸಿ ನೋಡಿದೆ. ಅದರಲ್ಲಿ ಒಂದೇ ಸಾಲು. ಒಡತಿಗೆ ಒಪ್ಪಿಗೆ ಇದೆ."

"ಒಂದೇ ಸಾಲು ಯಾಕೆ?" ಎಂದೆ.

"ತಾಯಿ ಮಗನ ಹತ್ತಿರ ಮಾತಾಡುವಾಗ ಬರೆಯಬಾರದು ಎಂದು ಆ ಶೀಘ್ರಲಿಪಿಗಾರ ಪೆನ್ನು ಕೆಳಗಿಟ್ಟನಂತೆ. ಒಳ್ಳೆಯ ಮನುಷ್ಯ." ಅವರು ಕನ್ನಡಕ ಒರೆಸಿಕೊಂಡರು. "ನಾನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಮ್ಯಾಡಮ್. ನನ್ನ ತಲೆಯೆಲ್ಲ ಕೊಡಲಿಯ ಮೇಲಿತ್ತು. ಮೊದಲ ಏಟು ನೀನೇ ಹಾಕಬೇಕು ಎಂದು ಅವಳು ಹೇಳಿದ್ದಳು. ಅದೊಂದು ಕೇಳಿಸಿತ್ತು."

ನನ್ನ ಕೈಚೀಲದಲ್ಲಿ ಯಾವಾಗಲೂ ಒಂದು ಪುಟ್ಟ ನೋಟ್‌ಬುಕ್ಕು ಇರುತ್ತದೆ. ನಿವೃತ್ತಿಯಾದರೂ ಅಭ್ಯಾಸ ಬಿಟ್ಟಿಲ್ಲ. "ನೆನಪಿರುವಷ್ಟು ಹೇಳಿ," ಎಂದೆ.

ಅವರು ಕಣ್ಣು ಮುಚ್ಚಿದರು. ಮೂರು ವಾಕ್ಯ ಬಂದವು. ನಿನ್ನ ಮೈಯ ಒಂದು ತುಂಡು ಇದರ ಬೇರಿನಲ್ಲಿದೆ, ಅದು ನಿನಗೆ ಗೊತ್ತಿರಲಿ. ನೆರೆಯವಳ ಮರ ಕಡಿಸಿ ನನ್ನದನ್ನು ಬಿಟ್ಟರೆ ನಾನು ಬೀದಿ ನಲ್ಲಿಗೆ ನೀರಿಗೆ ಹೇಗೆ ಹೋಗಲಿ? ಮೂರನೆಯದು, "ಇನ್ನು ನೀನು ಮನೆಗೆ ಬರುವಾಗ, ದೂರದಿಂದ ನೋಡಿದರೆ..."

ಅಲ್ಲಿಗೆ ನಿಂತಿತು. ಆ ವಾಕ್ಯದ ಉಳಿದರ್ಧಕ್ಕಾಗಿ ಅವರು ಕಣ್ಣು ಮುಚ್ಚಿಯೇ ಕೂತಿದ್ದರು. ನಾನು ಪೆನ್ಸಿಲ್ ಹಿಡಿದು ಕಾದೆ. ಎಲೆಗಳಿಂದ ಹನಿ ಉದುರುತ್ತಿತ್ತು. ಕೊನೆಗೆ ಅವರು ತಲೆ ಅಲ್ಲಾಡಿಸಿದರು. ಶೀಘ್ರಲಿಪಿಯಲ್ಲಿ ಕೇಳಿಸದ ಮಾತಿಗೆ ಜಾಗ ಬಿಡುವ ಕ್ರಮವಿದೆ. ಹಾಗೆ ಬಿಟ್ಟು, ಎಲ್ಲವನ್ನೂ ಇಂಗ್ಲಿಷಿನಲ್ಲಿ ದುಂಡಗೆ ಬರೆದು, ಹಾಳೆ ಹರಿದು ಅವರಿಗೆ ಕೊಟ್ಟೆ. ಅವರು ಅದನ್ನು ಓದಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, "ಇದು ಆ ಕಚೇರಿಯ ಹಾಳೆಗಿಂತ ಉದ್ದವಿದೆ," ಎಂದರು.

ಅವರು ಇನ್ನೂ ಎರಡು ದಿನ ಸಲಾಲಾದಲ್ಲಿ ಉಳಿಯುವವರಿದ್ದರು. ಯಜಮಾನರು ಮರುದಿನವೂ ಬನ್ನಿ ಎಂದಿದ್ದರು. ನಾವು ಹೊರಡುವಾಗ ಇಬ್ಬರು ಮುದುಕರೂ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ, ಒಂದು ಮರದ ಬುಡದ ಬೇರು ತೋರಿಸುತ್ತಾ ಏನೋ ಮಾತಾಡುತ್ತಿದ್ದರು.

ಮುಗ್‌ಸೈಲ್

ಮಧ್ಯಾಹ್ನ ಟ್ಯಾಕ್ಸಿಯಲ್ಲಿ ಮುಗ್‌ಸೈಲಿನ ಕಡಲಿಗೆ ಹೋದೆವು. ಅಲ್ಲಿ ಬಂಡೆಗಳ ಕೆಳಗೆ ಅಲೆ ನುಗ್ಗಿ, ಮೇಲಿನ ತೂತುಗಳಿಂದ ನೀರು ಕಾರಂಜಿಯ ಹಾಗೆ ಚಿಮ್ಮುತ್ತದೆ. ನಮ್ಮೂರಿನ ಅದೇ ಅರಬ್ಬೀ ಸಮುದ್ರ, ನಾವು ಆಚೆಯ ದಡದಲ್ಲಿ ನಿಂತಿದ್ದೆವು ಅಷ್ಟೇ.

ಸುಮತಿ ಬಂಡೆಯ ಮೇಲೆ ಕೂತು, ನನ್ನ ಮುಖ ನೋಡದೆ ಕೇಳಿದಳು: "ಅಮ್ಮ ಕೊನೆಗೆ ಎಂತ ಹೇಳಿದ್ದು ಅಕ್ಕ? ಯಾವಾಗ ಕೇಳಿದ್ರೂ ನೀನು ಎಂತ ಇಲ್ಲ ಅಂತೀ."

ನಾನು ಅಷ್ಟು ವರ್ಷ ಹೇಳದೆ ಇದ್ದದ್ದಕ್ಕೆ ಕಾರಣ ಹೊಟ್ಟೆಕಿಚ್ಚು. ಹನ್ನೊಂದು ವರ್ಷ ಮೀಯಿಸಿ, ಉಣ್ಣಿಸಿ, ಮಗ್ಗುಲು ತಿರುಗಿಸಿ ಮಲಗಿಸಿದವಳು ನಾನು. ಕೊನೆಯ ಮಧ್ಯಾಹ್ನ ಅಮ್ಮ ಕಣ್ಣು ಬಿಟ್ಟು ನನ್ನನ್ನು ನೋಡಿ ಕರೆದದ್ದು ಸುಮತಿಯ ಹೆಸರು. ಆ ಹೆಸರು ಕೇಳಿದ ಮೇಲೆ ನನಗೆ ಬೇರೇನೂ ಬೇಡವಾಗಿತ್ತು. ಅಮ್ಮನ ಆ ಮಾತು ಸುಮತಿಗೆ ಸಿಗಬಾರದು ಎಂದು ನಾನು ಬಚ್ಚಿಟ್ಟುಕೊಂಡೆ. ಅದನ್ನೂ ಅವಳಿಗೆ ಹೇಳಿದೆ. ಆಮೇಲೆ, ನ್ಯಾಯಾಧೀಶರು ಓದಿ ಹೇಳಿ ಎಂದಾಗ ಓದುವ ಹಾಗೆ, ನಡುವೆ ನಿಲ್ಲಿಸದೆ ಅಮ್ಮನ ಮಾತು ಹೇಳಿದೆ.

"ಸುಮತಿ ಬಂದ್ಯಾ? ಎಷ್ಟು ಬಿಸಿಲಲ್ಲಿ ಬಂದಿ. ಶಬ್ದ ಮಾಡ್ಬೇಡ. ಅಕ್ಕ ಎಷ್ಟೋ ದಿನದಿಂದ ಸರಿಯಾಗಿ ಮಲಗಲಿಲ್ಲ, ನನ್ನಿಂದಾಗಿ. ಇನ್ನು ನೀನಿದ್ದಿಯಲ್ಲ. ನೀನು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊ, ಅವಳು ಮಲಗಲಿ."

ಸುಮತಿ ಬಹಳ ಹೊತ್ತು ಅತ್ತಳು. ಚಿಮ್ಮಿದ ನೀರು ನಮ್ಮಿಬ್ಬರ ಮೇಲೂ ಬಿತ್ತು. ಆಮೇಲೆ ಒದ್ದೆ ಮುಖ ಒರೆಸಿಕೊಂಡು, "ಇದರಲ್ಲಿ ನನ್ನ ಬಗ್ಗೆ ಎಂತ ಉಂಟು ಅಕ್ಕ?" ಎಂದಳು. "ಪೂರ್ತಿ ನಿನ್ನ ಬಗ್ಗೆಯೇ ಹೇಳಿದ್ದಲ್ವಾ?"

ಮೂವತ್ತೆರಡು ವರ್ಷ ಬೇರೆಯವರ ಒಂದು ಶಬ್ದವನ್ನೂ ಬಿಡದೆ ಬರೆದುಕೊಂಡವಳು ನಾನು. ಅಮ್ಮನ ಮಾತಿನಲ್ಲಿ ಮೊದಲ ಶಬ್ದವನ್ನು ಮಾತ್ರ ಕೇಳಿಸಿಕೊಂಡಿದ್ದೆ.

ಮರಳುವ ಬಸ್ಸು

ಮರುದಿನ ಬೆಳಗ್ಗೆ ಗುಡ್ಡ ಹತ್ತಿ ಮಂಜು ದಾಟಿದ್ದೇ ಮತ್ತೆ ಅದೇ ಬಯಲು, ಅದೇ ಬೆಳಕು. ಸುಮತಿ ಕಿಟಕಿಯ ಪರದೆ ಎಳೆದಳು. ಒಂಟೆ ಅಗಿದ ಶಾಲನ್ನು ಮಡಿಸಿ ತನ್ನ ಹೆಗಲ ಮೇಲೆ ಹಾಸಿಕೊಂಡಳು.

"ನೀನು ಮಲಗು ಅಕ್ಕ," ಎಂದಳು. "ನಾನು ಕೂತ್ಕೊಳ್ತೇನೆ."

ನಾನು ತಲೆಯಿಟ್ಟೆ. ಹೈಮಾದಲ್ಲಿ ಬಸ್ಸು ನಿಂತದ್ದು, ಜನ ಇಳಿದು ಚಹಾ ಕುಡಿದು ಮತ್ತೆ ಹತ್ತಿದ್ದು, ಯಾವುದೂ ನನಗೆ ಗೊತ್ತಾಗಲಿಲ್ಲ. ಎಚ್ಚರವಾದಾಗ ಮಸ್ಕತ್ತಿನ ಗುಡ್ಡಗಳು ಕಾಣುತ್ತಿದ್ದವು. ಸುಮತಿಯ ತೋಳು ಮರಗಟ್ಟಿಹೋಗಿತ್ತು. ಅವಳು ಅದನ್ನು ಕದಲಿಸಿರಲಿಲ್ಲ.